ಲೆಕ್ಕದ ಮೇಜೂ ಹೊಸ ಯಂತ್ರವೂ

ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದು ನಡೆಯುತ್ತಿರುವಾಗ ಪ್ರೇಕ್ಷಕರ ದೃಷ್ಟಿಯೆಲ್ಲ ಚೆಂಡಿನ ಮೇಲೆ ನೆಟ್ಟಿರುವುದು ಸಹಜವೇ ಆಗಿದೆ. ಆದರೆ ಕೋರ್ಟಿನ ಪಕ್ಕದ ಗೆರೆಯಾಚೆ, ಎರಡು ತಂಡಗಳ ಬೆಂಚುಗಳ ನಡುವೆ, ಉದ್ದನೆಯ ಮೇಜೊಂದರ ಹಿಂದೆ ಕುಳಿತು, ಯಾರು ಎಷ್ಟು ಅಂಕ ಗಳಿಸಿದರು, ಯಾರ ಹೆಸರಿಗೆ ಎಷ್ಟನೆಯ ಫೌಲ್ ಬಿದ್ದಿತು, ಆಟ ಮುಗಿಯಲು ಇನ್ನೆಷ್ಟು ಕ್ಷಣ ಉಳಿದಿದೆ ಎಂಬುದನ್ನು ಬಿಡುವಿಲ್ಲದೆ ಗಮನಿಸಿ ದಾಖಲಿಸುವ ಕೆಲವರು ಇಲ್ಲದೆ ಹೋದರೆ, ಆ ಓಟ, ಆ ನೆಗೆತ, ಆ ಗುರಿ ಇವೆಲ್ಲವೂ ಸೊಗಸಾದ ವ್ಯಾಯಾಮವಾಗಿ ಉಳಿದಾವೇ ಹೊರತು ಪಂದ್ಯವೆನಿಸಿಕೊಳ್ಳಲಾರವು. ಕೆಲಸ ಸರಿಯಾಗಿ ನಡೆಯುತ್ತಿರುವಷ್ಟು ಹೊತ್ತು ಯಾರ ಕಣ್ಣಿಗೂ ಬೀಳದ ಈ ಮೇಜಿನ ಮೇಲೆ ಕಳೆದ ಕೆಲವು ದಶಕಗಳಲ್ಲಿ ಒಂದರ ಹಿಂದೊಂದು ಹೊಸ ಸಾಧನ ಬಂದು ನೆಲೆಗೊಂಡಿದೆ, ಇನ್ನೂ ಬರುತ್ತಲಿದೆ. ಇವುಗಳಲ್ಲಿ ಯಾವುದನ್ನು ಬರಮಾಡಿಕೊಳ್ಳಬೇಕು, ಯಾವುದನ್ನು ಕರಾರು ಹಾಕಿ ಒಳಗೆ ಬಿಡಬೇಕು ಎಂಬ ಪ್ರಶ್ನೆ ಕ್ರೀಡಾ ಸಾಮಗ್ರಿಯ ವ್ಯಾಪಾರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಎಳೆಯರ ಶ್ರಮಕ್ಕೆ ನ್ಯಾಯ ದೊರೆಯಬೇಕೆಂದು ಬಯಸುವ ಪ್ರತಿಯೊಬ್ಬರಿಗೂ ಸಂಬಂಧಿಸಿದ್ದು.

ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸ ಸಾಧನವೊಂದು ಎಷ್ಟು ಸೂಕ್ಷ್ಮವಾಗಿದೆ, ಎಷ್ಟು ಶೀಘ್ರವಾಗಿದೆ ಎಂಬುದು ಎರಡನೆಯ ಮಾತು. ಸಭಾಂಗಣದಲ್ಲಿರುವವರು, ಅದರಲ್ಲಿಯೂ ಸೋಲುತ್ತಿರುವ ತಂಡದವರು, ಲೆಕ್ಕವನ್ನು ತಾವೇ ಕಂಡು ಪರಿಶೀಲಿಸಿ ಒಪ್ಪಿಕೊಳ್ಳುವ ಅವಕಾಶವನ್ನು ಆ ಸಾಧನ ಹೆಚ್ಚಿಸುತ್ತದೆಯೋ ಕುಗ್ಗಿಸುತ್ತದೆಯೋ ಎಂಬುದೇ ಮೊದಲನೆಯ ಮಾತು. ಅಂಗಡಿಯ ತಕ್ಕಡಿ ಗಿರಾಕಿಯ ಕಣ್ಣಿಗೆ ಕಾಣುವಂತಿರಬೇಕೆಂದು ನಾವು ಹೇಗೆ ಅಪೇಕ್ಷಿಸುತ್ತೇವೆಯೋ ಹಾಗೆಯೇ ಆಟದ ಲೆಕ್ಕವೂ ಆಡುವವರ ಕಣ್ಣೆದುರಿಗೆ ನಡೆಯತಕ್ಕದ್ದು.

ಈ ಆಟದ ಹುಟ್ಟನ್ನು ನೆನೆದರೆ ವಿಷಯ ಸ್ಪಷ್ಟವಾದೀತು. 1891ರ ಡಿಸೆಂಬರ್‌ನಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ವೈಎಂಸಿಎ ಶಿಕ್ಷಣಾಲಯದಲ್ಲಿ, ಚಳಿಗಾಲದ ದಿನಗಳಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದನ್ನು ತನ್ನ ವಿದ್ಯಾರ್ಥಿಗಳಿಗಾಗಿ ಕಲ್ಪಿಸಿದ ಜೇಮ್ಸ್ ನೈಸ್ಮಿತ್, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೇಲೆ ಕಟ್ಟಿಸಿ, ಹದಿಮೂರು ನಿಯಮಗಳನ್ನು ಬರೆದನಷ್ಟೆ. ಆ ಹದಿಮೂರರಲ್ಲಿ ಒಂದು, ಚೆಂಡು ಯಾರ ಪಾಲಿಗೆ ಎಂಬುದನ್ನು ನಿರ್ಣಯಿಸುವ ರೆಫರಿಯೇ ಕಾಲವನ್ನೂ ಅಳೆಯಬೇಕು, ಗೋಲುಗಳ ಲೆಕ್ಕವನ್ನೂ ಇಡಬೇಕು ಎಂದು ವಿಧಿಸಿತು. ತೀರ್ಪು, ಗಡಿಯಾರ, ಲೆಕ್ಕ ಮೂರೂ ಒಬ್ಬನ ಕೈಯಲ್ಲಿದ್ದವು. ಹದಿನೈದು ನಿಮಿಷಗಳ ಎರಡು ಭಾಗಗಳಲ್ಲಿ ನಡೆಯುತ್ತಿದ್ದ, ಚೆಂಡು ಬುಟ್ಟಿಗೆ ಬಿದ್ದಾಗ ಏಣಿ ಹತ್ತಿ ತೆಗೆಯಬೇಕಾಗಿದ್ದ ಆ ಮಂದಗತಿಯ ಆಟಕ್ಕೆ ಅಷ್ಟು ಸಾಕಾಗಿತ್ತು. ಆಟದ ವೇಗ ಹೆಚ್ಚಿದಂತೆ ಆ ಒಬ್ಬನ ಹೊರೆಯನ್ನು ಹಂಚಿಕೊಳ್ಳುವುದು ಅನಿವಾರ್ಯವಾಯಿತು. ಲೆಕ್ಕದ ಮೇಜು ಹುಟ್ಟಿಕೊಂಡದ್ದು ಹೀಗೆ. ಅದರ ಮೇಲೆ ಬಂದ ಪ್ರತಿಯೊಂದು ಸಾಧನವೂ ವಸ್ತುತಃ ಆ ಮೊದಲ ರೆಫರಿಯ ಕರ್ತವ್ಯದ ಒಂದು ಅಂಶವೇ ಆಗಿದೆ.

ಇವುಗಳಲ್ಲಿ ಆಟದ ಸ್ವರೂಪವನ್ನೇ ಬದಲಿಸಿದ್ದು, ಚೆಂಡು ಕೈಗೆ ಬಂದ ತಂಡ ಇಂತಿಷ್ಟು ಸೆಕೆಂಡುಗಳೊಳಗೆ ಬುಟ್ಟಿಗೆ ಗುರಿಯಿಡಲೇಬೇಕೆಂದು ವಿಧಿಸುವ ಶಾಟ್ ಕ್ಲಾಕ್. ಮುನ್ನಡೆ ಪಡೆದ ತಂಡ ಗುರಿಯಿಡುವ ಗೋಜಿಗೇ ಹೋಗದೆ, ಚೆಂಡನ್ನು ಕೈಯಿಂದ ಕೈಗೆ ಸಾಗಿಸುತ್ತ ಕಾಲಹರಣ ಮಾಡುವುದನ್ನು ತಡೆಯುವ ಉಪಾಯ ಹಿಂದೆ ಯಾವುದೂ ಇರಲಿಲ್ಲ. 1950ರ ನವೆಂಬರ್ 22ರಂದು ಅಮೆರಿಕದ ವೃತ್ತಿಪರ ಪಂದ್ಯವೊಂದರಲ್ಲಿ ಫೋರ್ಟ್ ವೇನ್ ತಂಡ ಮಿನಿಯಾಪೊಲಿಸ್ ತಂಡವನ್ನು 19–18 ಅಂಕಗಳಿಂದ ಸೋಲಿಸಿತೆಂದರೆ, ಆ ಸಂಜೆ ಪ್ರೇಕ್ಷಕರಿಗೆ ದೊರೆತ ಆಟ ಎಂಥದೆಂಬುದನ್ನು ಊಹಿಸಬಹುದು. ನಾಲ್ಕು ವರ್ಷಗಳ ಅನಂತರ ಸಿರಾಕ್ಯೂಸ್ ತಂಡದ ಒಡೆಯ ಡ್ಯಾನಿ ಬಯಾಸೋನ್, ಚೆನ್ನಾಗಿ ನಡೆದ ಪಂದ್ಯವೊಂದರಲ್ಲಿ ಎರಡೂ ತಂಡಗಳು ಸೇರಿ ಸುಮಾರು 120 ಬಾರಿ ಬುಟ್ಟಿಗೆ ಗುರಿಯಿಡುತ್ತವೆಂದು ಗಣಿಸಿ, ನಲವತ್ತೆಂಟು ನಿಮಿಷಗಳ 2,880 ಸೆಕೆಂಡುಗಳನ್ನು ಆ ಸಂಖ್ಯೆಯಿಂದ ಭಾಗಿಸಿ, 24 ಸೆಕೆಂಡುಗಳ ಮಿತಿಯನ್ನು ಸೂಚಿಸಿದ. ಅಷ್ಟು ಸರಳವಾದ ಭಾಗಾಕಾರದಿಂದ ಹುಟ್ಟಿದ ಗಡಿಯಾರ 1954ರಲ್ಲಿ ವೃತ್ತಿಪರ ಆಟವನ್ನು ಪ್ರವೇಶಿಸಿ ಅದಕ್ಕೆ ಮರುಜೀವ ನೀಡಿತು.

ಗಮನಿಸತಕ್ಕ ಸಂಗತಿಯೆಂದರೆ, ಅಮೆರಿಕದ ಪುರುಷರ ಕಾಲೇಜು ಆಟ ಈ ಗಡಿಯಾರವನ್ನು ಸ್ವೀಕರಿಸಲು ಮತ್ತೆ ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ತೆಗೆದುಕೊಂಡಿತು. ಮಹಿಳೆಯರ ಕಾಲೇಜು ಆಟ ಅದಕ್ಕಿಂತ ಹತ್ತಕ್ಕೂ ಹೆಚ್ಚು ವರ್ಷ ಮೊದಲೇ ಮೂವತ್ತು ಸೆಕೆಂಡುಗಳ ಗಡಿಯಾರವನ್ನು ಅಳವಡಿಸಿಕೊಂಡಿತ್ತೆಂಬುದನ್ನು ಇಲ್ಲಿ ಗೌರವದಿಂದ ಸ್ಮರಿಸಬೇಕು. 1982ರಲ್ಲಿ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಎಂಬ ಕಾಲೇಜು ಒಕ್ಕೂಟದ ಅಂತಿಮ ಪಂದ್ಯ, ರಾಷ್ಟ್ರದಲ್ಲಿಯೇ ಶ್ರೇಷ್ಠರೆನಿಸಿದ ತರುಣರು ಎರಡೂ ಕಡೆ ಇದ್ದಾಗ್ಯೂ, ಚೆಂಡನ್ನು ಹಿಡಿದಿಟ್ಟುಕೊಳ್ಳುವ ತಂತ್ರದ ಫಲವಾಗಿ 47–45ರಲ್ಲಿ ಮುಗಿಯಿತು. ಮೈಕಲ್ ಜೋರ್ಡನ್ ಮೊದಲ ವರ್ಷದ ವಿದ್ಯಾರ್ಥಿಯಾಗಿ ಆಡುತ್ತಿದ್ದ ನಾರ್ತ್ ಕ್ಯಾರೊಲೈನ ಗೆದ್ದಿತು, ರಾಲ್ಫ್ ಸ್ಯಾಂಪ್ಸನ್‌ನ ವರ್ಜೀನಿಯ ಸೋತಿತು, ನೋಡಿದವರಲ್ಲಿ ಬಹುಮಂದಿ ಅಸಮಾಧಾನಗೊಂಡರು. ಪ್ರಯೋಗಗಳು ನಡೆದವು; ಹಲವು ಕಾನ್ಫರೆನ್ಸುಗಳು ತಮಗೆ ತೋಚಿದ ಮಿತಿಗಳನ್ನು ಪರೀಕ್ಷಿಸಿ ನೋಡಿದವು. ಕಡೆಗೆ 1985–86ರ ಋತುವಿನಿಂದ 45 ಸೆಕೆಂಡು, 1993–94ರಿಂದ 35, 2015–16ರಿಂದ 30 ಎಂದು ಮಿತಿ ಕ್ರಮವಾಗಿ ಇಳಿಯಿತು. ಈ ನಿಧಾನವನ್ನು ಕೆಲವರು ಜಡತ್ವವೆಂದು ಹಳಿಯುವುದುಂಟು. ನನಗೆ ಹಾಗೆ ತೋರುವುದಿಲ್ಲ. ನೂರಾರು ಕಾಲೇಜುಗಳು, ಧನಿಕವಾದವೂ ಬಡವಾದವೂ, ಒಂದೇ ನಿಯಮದಡಿ ಆಡಬೇಕಾದಾಗ, ಪ್ರತಿಯೊಂದು ಕೋರ್ಟಿನಲ್ಲಿಯೂ ಗಡಿಯಾರವಿದ್ದು, ಅದನ್ನು ನಡೆಸಬಲ್ಲ ಕೈಯೂ ಸಿದ್ಧವಾಗುವ ತನಕ ಕಾಯುವುದು ವಿವೇಕದ ಲಕ್ಷಣ. ಬುಟ್ಟಿಯ ಮೇಲೆ ದೊಡ್ಡ ಅಂಕಿಗಳಲ್ಲಿ ಕಾಣುವ ಗಡಿಯಾರವನ್ನು ಆಟಗಾರನೂ ರೆಫರಿಯೂ ಹಿಂದಿನ ಸಾಲಿನ ಪ್ರೇಕ್ಷಕನೂ ಸಮಾನವಾಗಿ ಓದಬಲ್ಲರು. ಆದಕಾರಣವೇ ಅದರ ಅಧಿಕಾರವನ್ನು ಎಲ್ಲರೂ ಒಪ್ಪಿದರು.

ಸಾಧನವಿದ್ದೂ ಅದರ ಸುತ್ತಣ ಕ್ರಮ ಸಿದ್ಧವಾಗದಿದ್ದರೆ ಏನಾದೀತೆಂಬುದಕ್ಕೆ 1972ರ ಮ್ಯೂನಿಕ್ ಒಲಿಂಪಿಕ್ಸಿನ ಅಂತಿಮ ಪಂದ್ಯ ಸಾಕ್ಷಿಯಾಗಿದೆ. ಬಹುಮಟ್ಟಿಗೆ ಕಾಲೇಜು ತರುಣರಿಂದ ಕೂಡಿದ್ದ ಅಮೆರಿಕದ ತಂಡಕ್ಕೆ, ಆಟ ಮುಗಿಯಲು ಮೂರು ಸೆಕೆಂಡುಗಳಿರುವಾಗ, ಡಗ್ ಕಾಲಿನ್ಸ್ ಎರಡು ಫ್ರೀ ಥ್ರೋಗಳಿಂದ 50–49ರ ಮುನ್ನಡೆ ತಂದುಕೊಟ್ಟ. ಟೈಮ್‌ಔಟ್ ಬೇಕೆಂದು ತರಬೇತುದಾರ ಗುಂಡಿಯೊತ್ತಿದರೆ ಮೇಜಿನ ಮೇಲೆ ಕೆಂಪು ದೀಪ ಹೊತ್ತಿಕೊಳ್ಳುವ ಹೊಸ ಏರ್ಪಾಡೊಂದು ಆ ಕ್ರೀಡಾಕೂಟದಲ್ಲಿತ್ತು. ಸೋವಿಯತ್ ತಂಡದವರು ಟೈಮ್‌ಔಟ್ ಕೇಳಿದ್ದೆವೆಂದರು. ಅದು ಸಕಾಲದಲ್ಲಿ ದೊರೆಯಲಿಲ್ಲ. ಎರಡನೆಯ ಫ್ರೀ ಥ್ರೋ ನಡೆಯುತ್ತಿರುವಾಗಲೇ ಮೇಜಿನಿಂದ ಹಾರ್ನ್ ಮೊಳಗಿತು. ಆಟ ನಡೆದು ನಿಂತಿತು. ಮೂರು ಸೆಕೆಂಡುಗಳನ್ನು ಮರಳಿ ಕೊಡಬೇಕೆಂದು ಅಂತಾರಾಷ್ಟ್ರೀಯ ಸಂಘದ ಕಾರ್ಯದರ್ಶಿ ವಿಲಿಯಂ ಜೋನ್ಸ್ ಆಜ್ಞಾಪಿಸಿದ. ಆದರೆ ಗಡಿಯಾರವನ್ನು ಸರಿಯಾಗಿ ಹಿಂದಿರುಗಿಸುವ ಮೊದಲೇ ಚೆಂಡು ಒಳಗೆ ಬಂದಿತು, ಹಾರ್ನ್ ಮತ್ತೆ ಮೊಳಗಿತು, ಅಮೆರಿಕದವರು ಗೆದ್ದೆವೆಂದು ಕುಣಿದಾಡಿದರು. ಮೂರನೆಯ ಬಾರಿ ಅದೇ ಮೂರು ಸೆಕೆಂಡುಗಳನ್ನು ಆಡಿಸಿದಾಗ ಅಲೆಕ್ಸಾಂಡರ್ ಬೆಲೊವ್ ಚೆಂಡನ್ನು ಬುಟ್ಟಿಗೆ ಹಾಕಿದ. ಸೋವಿಯತ್ ತಂಡ 51–50ರಲ್ಲಿ ಗೆದ್ದಿತು. ಮೇಲ್ಮನವಿಯ ಸಮಿತಿ ಮೂರಕ್ಕೆ ಎರಡು ಮತಗಳಿಂದ ಆ ಫಲಿತಾಂಶವನ್ನು ಸ್ಥಿರಪಡಿಸಿತು. ಅಮೆರಿಕದ ತರುಣರು ಬೆಳ್ಳಿಯ ಪದಕವನ್ನು ಮುಟ್ಟಲಿಲ್ಲ. ಆ ರಾತ್ರಿ ಗುಂಡಿ, ದೀಪ, ಹಾರ್ನ್, ವಿದ್ಯುತ್ ಗಡಿಯಾರ ಯಾವುದರ ಅಭಾವವೂ ಇರಲಿಲ್ಲ. ದೀಪ ಹೊತ್ತಿದಾಗ ಯಾರು ಯಾರಿಗೆ ತಿಳಿಸಬೇಕು, ಗಡಿಯಾರ ಸಿದ್ಧವೆಂದು ಮೇಜಿನವರು ಹೇಳುವ ತನಕ ಚೆಂಡನ್ನು ಆಟಗಾರನ ಕೈಗೆ ಕೊಡಬಾರದೆಂಬುದನ್ನು ಯಾರು ನೋಡಿಕೊಳ್ಳಬೇಕು ಎಂಬ ಪರಸ್ಪರ ತಿಳಿವಳಿಕೆಯ ಅಭಾವವಿತ್ತು.

ತರುವಾಯದ ಸಾಧನಗಳು ಇಂಥ ಅನುಭವಗಳಿಂದ ಪಾಠ ಕಲಿತಂತಿವೆ. ಬುಟ್ಟಿಯ ಹಿಂದಿನ ಗಾಜಿನ ಹಲಗೆಯ ಅಂಚಿನಲ್ಲಿ ಕೆಂಪು ದೀಪಗಳನ್ನು ಕೂಡಿಸಿ, ಕಾಲ ಮುಗಿದ ಕ್ಷಣದಲ್ಲಿಯೇ ಅವು ಬೆಳಗುವಂತೆ ಮಾಡಿದ್ದರಿಂದ, ಕೈಯಿಂದ ಚೆಂಡು ಬಿಟ್ಟದ್ದೂ ಕಾಲ ಮುಗಿದದ್ದೂ ಒಂದೇ ಚಿತ್ರದಲ್ಲಿ ಕಾಣುವಂತಾಯಿತು. ಮೈಕ್ ಕೋಸ್ಟಬೈಲ್ ಎಂಬ ರೆಫರಿ ರೂಪಿಸಿದ ಮತ್ತೊಂದು ಸಾಧನವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ರೆಫರಿಯ ಸೀಟಿಯ ಬಳಿ ಪುಟ್ಟ ಮೈಕು, ಸೊಂಟದ ಪಟ್ಟಿಯಲ್ಲಿ ಸಣ್ಣದೊಂದು ಪೆಟ್ಟಿಗೆ. ಸೀಟಿ ಊದಿದೊಡನೆ ಆ ಸ್ವರವನ್ನು ಗುರುತಿಸಿ ಪೆಟ್ಟಿಗೆಯು ಗಡಿಯಾರವನ್ನು ನಿಲ್ಲಿಸುತ್ತದೆ. ಆಟ ಪುನಃ ಆರಂಭವಾದಾಗ ರೆಫರಿ ಸೊಂಟದ ಗುಂಡಿಯನ್ನೊತ್ತಿ ಅದನ್ನು ನಡೆಸುತ್ತಾನೆ. ಸೀಟಿಯನ್ನು ಕೇಳಿ, ಮನಸ್ಸಿಗೆ ತಂದುಕೊಂಡು, ಬೆರಳಿನಿಂದ ಗುಂಡಿ ಒತ್ತುವಷ್ಟರಲ್ಲಿ, ಮೇಜಿನಲ್ಲಿ ಗಡಿಯಾರ ನಡೆಸುವ ಟೈಮರ್ ಕಳೆದುಕೊಳ್ಳುತ್ತಿದ್ದ ಕ್ಷಣಾಂಶಗಳು ಹೀಗೆ ಆಟಗಾರರಿಗೆ ಮರಳಿ ದೊರೆತವು. ಆದರೂ ಮೇಜಿನ ಟೈಮರನ್ನು ಎಬ್ಬಿಸಿ ಕಳುಹಿಸಲಿಲ್ಲ. ಅವನ ಕೈಯಲ್ಲಿನ ಗುಂಡಿಯೂ ಉಳಿದಿದೆ. ಯಂತ್ರ ಸೀಟಿಯನ್ನು ಕೇಳದೆ ಹೋದರೆ ಮನುಷ್ಯನ ಕೈ ಇದೆ; ಮನುಷ್ಯನ ಕೈ ತಡವಾದರೆ ಯಂತ್ರವಿದೆ. ಹೊಸದನ್ನು ಸ್ವೀಕರಿಸುವ ಸರಿಯಾದ ಕ್ರಮ ಇದೆಂದು ನಾನು ನಂಬುತ್ತೇನೆ.

ಕ್ಷಣಾಂಶವೆಂದರೆ ಎಷ್ಟು ಮಹಾ ಎನ್ನುವವರಿಗೆ 2018ರ ಏಪ್ರಿಲ್ 1ರಂದು ನಡೆದ ಅಮೆರಿಕದ ಮಹಿಳಾ ಕಾಲೇಜು ತಂಡಗಳ ಅಂತಿಮ ಪಂದ್ಯ ಉತ್ತರ ಹೇಳುತ್ತದೆ. 58–58ರಲ್ಲಿ ಸಮನಾಗಿದ್ದಾಗ ನೋಟರ್ ಡೇಮ್ ತಂಡದ ಅರಿಕೆ ಒಗುನ್‌ಬೊವಾಲೆ ಮೂರು ಅಂಕಗಳ ಗುರಿಯನ್ನು ಹೊಡೆದಳು, ಗಡಿಯಾರದಲ್ಲಿ 0.1 ಸೆಕೆಂಡು ಮಾತ್ರ ಉಳಿದಿತ್ತು. ಮಿಸಿಸಿಪ್ಪಿ ಸ್ಟೇಟ್ ತಂಡಕ್ಕೆ ಆ ಒಂದು ದಶಾಂಶವನ್ನೂ ಕೊಡಲಾಯಿತು. ಉಳಿದ ಕಾಲ 0.3 ಸೆಕೆಂಡು ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಚೆಂಡನ್ನು ಹಿಡಿದು ಎಸೆಯುವಂತಿಲ್ಲ, ತಟ್ಟಿ ಹಾಕಬಹುದಷ್ಟೆ ಎಂಬ ನಿಯಮವಿರುವುದರಿಂದ ಅವರ ಆಸೆ ಬಹಳ ಸಣ್ಣದೇ ಆಗಿತ್ತು. ಆದರೂ ನ್ಯಾಯವಾಗಿ ಅವರಿಗೆ ಸಲ್ಲತಕ್ಕದ್ದು ಅವರಿಗೆ ಸಂದಿತು. ಸೋತ ತಂಡಕ್ಕೆ ತನ್ನ ಪಾಲಿನ ಕಟ್ಟಕಡೆಯ ದಶಾಂಶವೂ ದೊರೆಯಿತೆಂಬ ಭರವಸೆ ಕೊಡಬಲ್ಲ ಯಂತ್ರವನ್ನು ಯಾವ ಪೂರ್ವಗ್ರಹದಿಂದಲೂ ದೂರವಿಡಬಾರದು.

ಇಷ್ಟರ ಮಟ್ಟಿಗೆ ನಾನು ಹೊಸತನದ ಪಕ್ಷಪಾತಿಯೇ. ನನ್ನ ಚಿಂತೆ ಆರಂಭವಾಗುವುದು ಲೆಕ್ಕವು ಕಾಗದವನ್ನು ಬಿಟ್ಟು ಕಂಪ್ಯೂಟರಿನೊಳಗೆ ಹೋಗುವ ಹಂತದಲ್ಲಿ. ಅಮೆರಿಕದ ಕಾಲೇಜುಗಳಲ್ಲಿ ದಶಕಗಳ ಕಾಲ ಸ್ಟ್ಯಾಟ್‌ಕ್ರೂ ಎಂಬ ಸಾಫ್ಟ್‌ವೇರ್ ರೂಢಿಯಲ್ಲಿತ್ತು. ಅದನ್ನು ನಡೆಸಲು ಇಬ್ಬರು ಜೊತೆಯಾಗಿ ಕೂರುತ್ತಿದ್ದರು: ಒಬ್ಬರು ಕೋರ್ಟಿನಿಂದ ಕಣ್ಣು ಕೀಳದೆ, ಯಾವ ಸಂಖ್ಯೆಯ ಆಟಗಾರ ಎಸೆದ, ಬಿದ್ದಿತೋ ತಪ್ಪಿತೋ, ಯಾರು ನೆರವಾದರು, ಮರಳಿ ಬಂದ ಚೆಂಡನ್ನು ಯಾರು ಹಿಡಿದರು ಎಂದು ತಗ್ಗಿದ ದನಿಯಲ್ಲಿ ನಿರಂತರವಾಗಿ ಹೇಳುತ್ತಿರಬೇಕು, ಇನ್ನೊಬ್ಬರು ತಲೆಯೆತ್ತದೆ ಅದನ್ನು ಕೀಲಿಮಣೆಯ ಸಂಕೇತಗಳಾಗಿ ಒತ್ತುತ್ತಿರಬೇಕು. ವರ್ಷಗಟ್ಟಲೆಯ ಅಭ್ಯಾಸದಿಂದ ಆ ಸಂಕೇತಗಳು ಬೆರಳುಗಳಲ್ಲಿಯೇ ನೆಲೆಸಿರುತ್ತಿದ್ದವು. 2018ರಲ್ಲಿ ಅಲ್ಲಿನ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ, ಜೀನಿಯಸ್ ಸ್ಪೋರ್ಟ್ಸ್ ಎಂಬ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು, ಲೈವ್‌ಸ್ಟ್ಯಾಟ್ಸ್ ಎಂಬ ಹೊಸ ವ್ಯವಸ್ಥೆಯನ್ನು ಸದಸ್ಯ ಕಾಲೇಜುಗಳಿಗೆ ಉಚಿತವಾಗಿ ಒದಗಿಸಿತು. ಪರದೆಯ ಮೇಲಿನ ಕೋರ್ಟಿನ ಚಿತ್ರದಲ್ಲಿ ಎಸೆತ ನಡೆದ ಸ್ಥಳವನ್ನು ಗುರುತಿಸಿ, ಎಸೆದವರ ವಿವರ ಒತ್ತಿದರೆ ಸಾಕು. ಅಂಕ, ಸ್ಥಾನ, ಆಟಗಾರನ ಲೆಕ್ಕ ಎಲ್ಲವೂ ಆ ಕ್ಷಣವೇ ದೂರದ ಊರುಗಳಿಗೂ ತಲಪುತ್ತವೆ.

ಇದರ ಲಾಭಗಳನ್ನು ಅಲ್ಲಗಳೆಯುವುದು ಅನ್ಯಾಯವಾದೀತು. ಸಣ್ಣ ಕಾಲೇಜೊಂದರ ಹುಡುಗಿಯ ಆಟವನ್ನು ದೂರದಲ್ಲಿರುವ ತಾಯಿತಂದೆಗಳು ಅಂಕಿ ಅಂಕಿಯಾಗಿ ಅನುಸರಿಸಬಹುದು. ತರಬೇತುದಾರ ಯಾವ ಮೂಲೆಯಿಂದ ತನ್ನ ತಂಡ ಗುರಿ ತಪ್ಪುತ್ತಿದೆಯೆಂದು ವಿರಾಮದಲ್ಲಿಯೇ ನೋಡಿಕೊಳ್ಳಬಹುದು. ಆದರೆ ಎರಡು ಸಂಗತಿಗಳನ್ನು ಮರೆಯಲಾಗದು. ಮೊದಲನೆಯದು, ನೆರವು ಸಂದಿತೋ ಇಲ್ಲವೋ ಎಂಬಂಥ ನಿರ್ಣಯವನ್ನು ಯಂತ್ರ ಮಾಡುವುದಿಲ್ಲ. ಆಟವನ್ನು ಬಲ್ಲ ಮನುಷ್ಯನ ಕಣ್ಣು ಮಾಡುತ್ತದೆ. ಸಾಧನ ಬದಲಾದಾಗ ಆ ಬಲ್ಲವನು ಬೇಸತ್ತು ಎದ್ದು ಹೋದರೆ, ಉಳಿಯುವುದು ಶೀಘ್ರವಾಗಿ ರವಾನೆಯಾಗುವ ತಪ್ಪು. ಎರಡನೆಯದು, ಹೀಗೆ ರವಾನೆಯಾದ ಲೆಕ್ಕ ಈಗ ಬೆಲೆಬಾಳುವ ಸರಕು. 2018ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕ್ರೀಡೆಗಳ ಮೇಲಿನ ಜೂಜನ್ನು ನಿರ್ಬಂಧಿಸಿದ್ದ ಕೇಂದ್ರದ ಕಾನೂನನ್ನು ರದ್ದುಗೊಳಿಸಿದ ಬಳಿಕ ಅನೇಕ ರಾಜ್ಯಗಳು ಬಾಜಿ ಕಟ್ಟುವುದಕ್ಕೆ ಅನುಮತಿಯಿತ್ತಿವೆ. ಪ್ರತಿಕ್ಷಣದ ಅಂಕಿಗಳಿಗೆ ಆ ವ್ಯವಹಾರದಲ್ಲಿ ದೊಡ್ಡ ಬೇಡಿಕೆಯುಂಟು. ಹತ್ತೊಂಬತ್ತು ವರ್ಷದ ವಿದ್ಯಾರ್ಥಿಯೊಬ್ಬ ಫ್ರೀ ಥ್ರೋ ತಪ್ಪಿದ್ದು ಅವನಿಗೂ ಅವನ ತಂಡಕ್ಕೂ ಸೇರಿದ ವಿಷಾದವಾಗಿರಬೇಕೇ ಹೊರತು ಅಪರಿಚಿತರ ಹಣದ ಏರಿಳಿತಕ್ಕೆ ಕಾರಣವಾಗಬಾರದು. ಉಚಿತವಾಗಿ ಬಂದ ಸಾಧನದ ಜೊತೆಗೆ ಏನನ್ನು ಕೊಟ್ಟೆವೆಂಬುದನ್ನು ಕಾಲೇಜುಗಳು ಕೇಳಿಕೊಳ್ಳಲೇಬೇಕು.

ಈ ಕಾರಣದಿಂದಲೇ ನನಗೆ ಹಳೆಯ ಸ್ಕೋರ್‌ಶೀಟಿನ ಮೇಲೆ ಗೌರವ. ಭಾರತದ ಕಾಲೇಜುಗಳೂ ಅನುಸರಿಸುವ ಅಂತಾರಾಷ್ಟ್ರೀಯ ನಿಯಮದ ಹಾಳೆಯನ್ನು ಒಮ್ಮೆ ನೋಡಿರಿ. ಬಲಬದಿಯಲ್ಲಿ 1ರಿಂದ 160ರ ತನಕ ಅಂಕಿಗಳು ಸಾಲಾಗಿ ಅಚ್ಚಾಗಿರುತ್ತವೆ. ಎರಡು ಅಂಕ ಬಂದರೆ ಹೊಸ ಮೊತ್ತದ ಮೇಲೆ ಓರೆಗೆರೆ, ಫ್ರೀ ಥ್ರೋ ಬಿದ್ದರೆ ತುಂಬಿದ ಚುಕ್ಕೆ, ಮೂರು ಅಂಕವಾದರೆ ಆಟಗಾರನ ಸಂಖ್ಯೆಯ ಸುತ್ತ ವೃತ್ತ. ಮೊದಲನೆಯ ಮತ್ತು ಮೂರನೆಯ ಕಾಲುಭಾಗಗಳಿಗೆ ಕೆಂಪು ಶಾಯಿ, ಎರಡನೆಯದಕ್ಕೂ ನಾಲ್ಕನೆಯದಕ್ಕೂ ನೀಲಿ ಅಥವಾ ಕಪ್ಪು. ಆಟ ಮುಗಿದ ಮೇಲೆ ರೆಫರಿ ರುಜು ಹಾಕಿದನೆಂದರೆ ಪಂದ್ಯದೊಡನೆ ಅಧಿಕಾರಿಗಳ ಸಂಬಂಧ ಮುಗಿಯಿತು. ಬಿಳಿಯ ಮೂಲಪ್ರತಿಯ ಅಡಿಯಲ್ಲಿ ಬಣ್ಣ ಬಣ್ಣದ ನಕಲುಗಳಿರುತ್ತವೆ. ಅವುಗಳಲ್ಲಿ ಗುಲಾಬಿಯದು ಗೆದ್ದವರಿಗೆ, ಹಳದಿಯದು ಸೋತವರಿಗೆ. ಸೋತ ತಂಡ ಮನೆಗೆ ಹೋಗುವಾಗ ಗೆದ್ದವರ ಕೈಯಲ್ಲಿರುವ ಲೆಕ್ಕವೇ ತನ್ನ ಕೈಯಲ್ಲಿಯೂ ಇರುತ್ತದೆ. ಯಾವ ವಿದ್ಯುತ್ತೂ, ಯಾವ ಪಾಸ್‌ವರ್ಡೂ ಇಲ್ಲದೆ ಹತ್ತು ವರ್ಷದ ಮೇಲೂ ಅದನ್ನು ಓದಬಹುದು. ಅಮೆರಿಕದ ಕಾಲೇಜು ಆಟದಲ್ಲಿಯೂ, ಕಪ್ಪುಬಿಳುಪು ಪಟ್ಟೆಯ ಅಂಗಿ ತೊಟ್ಟು ಮೇಜಿನ ನಡುವೆ ಕೂರುವ ಸ್ಕೋರರನ ಪುಸ್ತಕವೇ ಅಧಿಕೃತ. ತಲೆಯ ಮೇಲೆ ಥಳಥಳಿಸುವ ಬೋರ್ಡು ಬೇರೆ ಅಂಕವನ್ನು ತೋರಿಸಿದರೆ ತಿದ್ದಬೇಕಾದದ್ದು ಬೋರ್ಡು.

ಕಾಗದವೂ ಕಂಪ್ಯೂಟರೂ ಎರಡೂ ಏಕೆ, ಇದು ದ್ವಿಗುಣ ಶ್ರಮವಲ್ಲವೆ ಎಂದು ಕೇಳುವವರಿದ್ದಾರೆ. ಕಾಗದದಲ್ಲಿಯೂ ತಪ್ಪು ಬೀಳುತ್ತದೆಯೆಂಬುದೂ ನಿಜ. ಆದರೆ ಎರಡು ಸ್ವತಂತ್ರ ಲೆಕ್ಕಗಳು ಒಂದೇ ತಪ್ಪನ್ನು ಒಂದೇ ಕ್ಷಣದಲ್ಲಿ ಮಾಡುವುದು ಅಪರೂಪ. ಪ್ರತಿಯೊಂದು ವಿರಾಮದಲ್ಲಿ ಎರಡನ್ನೂ ಹೋಲಿಸಿದರೆ ತಪ್ಪು ಎಳೆಯದಾಗಿರುವಾಗಲೇ ಸಿಕ್ಕಿಬೀಳುತ್ತದೆ. ಒಬ್ಬ ಸ್ಕೋರರನ ಶ್ರಮವನ್ನು ಉಳಿಸಲೆಂದು ಎರಡು ತಂಡಗಳ ವಿಶ್ವಾಸವನ್ನು ಕಳೆದುಕೊಳ್ಳುವುದು ಮಿತವ್ಯಯವೆನಿಸದು.

ಈ ವಿಚಾರ ನಮ್ಮ ನಾಡಿಗೂ ಸಲ್ಲುತ್ತದೆ. ನೈಸ್ಮಿತ್‌ನ ಆಟ ಬೆಳೆದ ವೈಎಂಸಿಎ ಪರಂಪರೆಯೇ ದಕ್ಷಿಣ ಭಾರತದಲ್ಲಿ ದೈಹಿಕ ಶಿಕ್ಷಣಕ್ಕೆ ಅಡಿಪಾಯ ಹಾಕಿತು, ಎಚ್. ಸಿ. ಬಕ್ 1920ರಲ್ಲಿ ಮದರಾಸಿನಲ್ಲಿ ಸ್ಥಾಪಿಸಿದ ದೈಹಿಕ ಶಿಕ್ಷಣದ ಕಾಲೇಜು ಈ ಸೀಮೆಯ ಎಷ್ಟೋ ಶಿಕ್ಷಕರನ್ನು ತಯಾರು ಮಾಡಿತು. ಇಂದು ನಮ್ಮ ಕಾಲೇಜುಗಳು ಬ್ಯಾಸ್ಕೆಟ್‌ಬಾಲಿಗೆಂದು ಹಣ ವೆಚ್ಚಮಾಡಲು ಹೊರಟಾಗ ಮೊದಲು ಕಣ್ಣಿಗೆ ಬೀಳುವುದು ಬಣ್ಣದ ದೊಡ್ಡ ಎಲ್‌ಇಡಿ ಬೋರ್ಡು. ನಾನು ಬೇಡುವುದು ಬೇರೆ ಕ್ರಮವನ್ನು. ಮೊದಲಿಗೆ ಎರಡೂ ಬುಟ್ಟಿಗಳ ಮೇಲೆ ಶಾಟ್ ಕ್ಲಾಕ್ ಇರಲಿ. ಏತಕ್ಕೆಂದರೆ 24 ಸೆಕೆಂಡುಗಳ ನಿಯಮವನ್ನೂ, ಎದುರಾಳಿಯ ಬುಟ್ಟಿಯಿಂದ ಚಿಮ್ಮಿದ ಚೆಂಡನ್ನು ಮರಳಿ ಪಡೆದವರಿಗೆ ದೊರೆಯುವ 14 ಸೆಕೆಂಡುಗಳನ್ನೂ ಕಾಣದ ಗಡಿಯಾರದಿಂದ ನ್ಯಾಯವಾಗಿ ನಡೆಸುವುದು ಅಸಾಧ್ಯ. ಅದಕ್ಕೂ ಮೊದಲು, ಪ್ರತಿಯೊಂದು ಕಾಲೇಜೂ ಕೆಲವು ವಿದ್ಯಾರ್ಥಿಗಳನ್ನು, ಹುಡುಗರನ್ನೂ ಹುಡುಗಿಯರನ್ನೂ, ಮೇಜಿನ ಕೆಲಸಕ್ಕಾಗಿ ಕ್ರಮವಾಗಿ ತರಬೇತುಗೊಳಿಸಲಿ. ತಂಡದಲ್ಲಿ ಸ್ಥಾನ ಸಿಗದಿದ್ದರೂ ಆಟವನ್ನು ಪ್ರೀತಿಸುವವರು ಪ್ರತಿ ತರಗತಿಯಲ್ಲಿಯೂ ಇರುತ್ತಾರೆ, ಅವರಿಗೆ ಇದೊಂದು ಗೌರವದ ಸ್ಥಾನವಾಗಲಿ. ಕರೆಂಟು ಹೋದ ಕ್ಷಣದಲ್ಲಿ ಬಳಸಲು ಸ್ಟಾಪ್‌ವಾಚು, ಕೈಗಂಟೆ, ಅಂಕಿ ತಿರುಗಿಸುವ ಹಲಗೆ ಮೇಜಿನ ಮೇಲೆಯೇ ಇರಲಿ. ಕಂಪ್ಯೂಟರಿನ ಲೆಕ್ಕ ಬಂದಾಗ ಒಂದು ಇಡೀ ಋತುವಾದರೂ ಕಾಗದದೊಡನೆ ಸರಿಸಮನಾಗಿ ನಡೆದು ತನ್ನ ಯೋಗ್ಯತೆಯನ್ನು ಸಾಬೀತುಪಡಿಸಲಿ. ಕಂಪನಿಯೊಡನೆ ಮಾಡಿಕೊಳ್ಳುವ ಕರಾರಿನಲ್ಲಿ, ಆಟದ ದಾಖಲೆ ಕಾಲೇಜಿಗೂ ಆಟಗಾರರಿಗೂ ಸೇರಿದ್ದು, ಅವರ ಒಪ್ಪಿಗೆಯಿಲ್ಲದೆ ಬೇರೆಡೆಗೆ ಮಾರತಕ್ಕದ್ದಲ್ಲ ಎಂಬ ವಾಕ್ಯ ಸ್ಪಷ್ಟವಾಗಿ ಇರಲಿ.

ಈ ಕ್ರಮಕ್ಕೆ ಬೇಕಾದ ಹಣ ದೊಡ್ಡ ಬೋರ್ಡಿನ ಬೆಲೆಗಿಂತ ಹೆಚ್ಚಾಗದು. ಬೇಕಾದದ್ದು ಹೆಚ್ಚಿನ ತಾಳ್ಮೆ. ಕಾಲೇಜೆಂಬುದು ಮನುಷ್ಯರನ್ನು ತಯಾರು ಮಾಡುವ ಸ್ಥಳವಾದ್ದರಿಂದ ಅಲ್ಲಿ ತಾಳ್ಮೆಗೆ ಅಭಾವವಿರಬಾರದು. ಒಂದು ಅಂಕದಿಂದ ಸೋತ ತಂಡದ ನಾಯಕಿ ಮೇಜಿನ ಬಳಿಗೆ ಬಂದು ಲೆಕ್ಕ ತೋರಿಸಿರೆಂದು ಕೇಳಿದರೆ, ಅಲ್ಲಿ ಕುಳಿತಿರುವ ವಿದ್ಯಾರ್ಥಿ ಗಾಬರಿಗೊಳ್ಳದೆ, ಯಂತ್ರ ಹೀಗೆ ಹೇಳಿತೆಂದು ಜಾರಿಕೊಳ್ಳದೆ, ಪ್ರತಿಯೊಂದು ಅಂಕವೂ ಎಲ್ಲಿಂದ ಬಂದಿತೆಂದು ಬೆರಳಿಟ್ಟು ತೋರಿಸಬಲ್ಲವನಾಗಿರಬೇಕು. ಅವನನ್ನು ಅಷ್ಟು ಸಮರ್ಥನನ್ನಾಗಿ ಮಾಡುವ ಸಾಧನವೆಲ್ಲವೂ ನಮ್ಮ ಕಾಲೇಜುಗಳಿಗೆ ಬೇಗನೆ ಬರಲಿ. ಅವನನ್ನು ನಿರುತ್ತರನನ್ನಾಗಿ ಮಾಡುವ ಸಾಧನ ಎಷ್ಟೇ ಅಗ್ಗಕ್ಕೆ ದೊರೆತರೂ, ಉಚಿತವಾಗಿಯೇ ಬಂದರೂ, ಅದನ್ನು ಬಾಗಿಲಲ್ಲಿಯೇ ನಿಲ್ಲಿಸುವ ಧೈರ್ಯ ನಮ್ಮ ಪ್ರಾಂಶುಪಾಲರಿಗೂ ದೈಹಿಕ ಶಿಕ್ಷಣದ ಅಧ್ಯಾಪಕರಿಗೂ ಇರಬೇಕು.